ಹನ್ನೆರಡು ಬಿಲ್ಲೆಗಳ ಚಳಿಗಾಲ

ಹೋದ ತಿಂಗಳು ಅಕ್ಕನ ಮಗಳ ನಿಶ್ಚಯಕ್ಕೆ ಬಸವನ ಬಾಗೇವಾಡಿಗೆ ಹೋಗಿದ್ದೆ. ಬೀಗರಿಗೆ ಕೊಡಲು ಒಂದು ಜೊತೆ ಹಿತ್ತಾಳೆಯ ದೀಪದ ಸಮೆ ಬೇಕೆಂದು ಅಕ್ಕ ಭಾಂಡೆ ಅಂಗಡಿಗಳ ಓಣಿಗೆ ಕರೆದುಕೊಂಡು ಹೋದಳು. ಅವಳು ಚೌಕಾಸಿಗೆ ಕುಳಿತರೆ ಬೇಗ ಏಳುವವಳಲ್ಲ. ನಾನು ಬೇಸರವಾಗಿ ಅಂಗಡಿಯ ಹಿಂದಿನ ಪಡಸಾಲೆಯ ಕಡೆ ಸರಿದೆ. ಅಲ್ಲಿ ಯಾರೋ ಪಾತ್ರೆಗೆ ಪಾಲಿಶ್ ಹಿಡಿಯುತ್ತಿದ್ದರು. ಬಿಸಿಯಾದ ಬಟ್ಟೆ, ಕರಗಿದ ಮೇಣ, ಇವೆರಡರ ಅಡಿಗೆ ತೆಳ್ಳಗೆ ಆಸಿಡ್ಡಿನ ಹುಳಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಾಗೇವಾಡಿಯಲ್ಲಿ ಇರಲಿಲ್ಲ. ಸಿಂದಗಿಯ ಒಂದು ಚಳಿಗಾಲದ ಮುಂಜಾನೆ, ಮಂಜು ಇನ್ನೂ ಕರಗದ ಓಣಿಯೊಂದರಲ್ಲಿ, ಹಸಿರು ನೀರಿನ ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದೆ. ಅಕ್ಕ ಎರಡು ಸಲ ಕೂಗಿದಳಂತೆ. ನನಗೆ ಕೇಳಿಸಲಿಲ್ಲ.

ಆ ವರ್ಷ ನಾನು ಊರಿಗೆ ಮರಳಿದ್ದು ಸಂತೋಷದಿಂದೇನಲ್ಲ. ಸಮುದ್ರದ ದಂಡೆಯ ದೊಡ್ಡ ಊರೊಂದರ ಲೇಸರ್ ಪ್ರಯೋಗಶಾಲೆಯಲ್ಲಿ ಪಿಎಚ್‌ಡಿಗೆಂದು ವರ್ಷಗಟ್ಟಲೆ ಕಳೆದಿದ್ದೆ. ಫೆಲೋಶಿಪ್ಪು ಮುಗಿಯಿತು, ಹಾಸ್ಟೆಲಿನ ಕೋಣೆ ಬಿಡಬೇಕಾಯಿತು, ಪ್ರಬಂಧ ಮಾತ್ರ ಮುಗಿದಿರಲಿಲ್ಲ. ಸಿಂದಗಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿಕೊಂಡು, ಹುಡುಗರಿಗೆ ಮಸೂರದ ಲೆಕ್ಕ ಹೇಳಿಕೊಡುತ್ತ ದಿನ ದೂಡುತ್ತಿದ್ದೆ. ದೀಪಾವಳಿ ಕಳೆದ ವಾರ ನನ್ನ ಗೈಡ್ ಸರ್ ಫೋನ್ ಮಾಡಿದರು. ಅವರದು ಮೆದು ಮಾತು, ಆದರೆ ಸುತ್ತಿ ಬಳಸುವುದು ಗೊತ್ತಿಲ್ಲ. ನನ್ನ ನೋಂದಣಿ ಮಾರ್ಚಿಗೆ ಮುಗಿಯುತ್ತದೆ ಎಂದರು. ಸಂಕ್ರಾಂತಿ ಆದ ಮೇಲೆ ಲೇಸರು ಎರಡು ದಿನ ಖಾಲಿ ಇರುತ್ತದೆ, ಅಷ್ಟರಲ್ಲಿ ಬಿಲ್ಲೆಗಳನ್ನು ಮಾಡಿಕೊಂಡು ಬಂದರೆ ಪ್ರಬಂಧ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಅಷ್ಟು ಹೇಳಿ ಅವ್ವನ ಆರೋಗ್ಯ ಕೇಳಿ ಇಟ್ಟುಬಿಟ್ಟರು.

ಬಿಲ್ಲೆ ಎಂದರೆ ಲೇಸರಿನ ಗುರಿ. ಹಳೇ ಎಂಟಾಣೆ ನಾಣ್ಯದಷ್ಟು ಅಗಲದ ಒಂದು ಲೋಹದ ಚೂರು. ನಮ್ಮ ಲೇಸರು ಬೆಳಕನ್ನು ಎಷ್ಟು ಚಿಕ್ಕ ಹೊತ್ತಿನೊಳಗೆ ತುರುಕುತ್ತಿತ್ತೆಂದರೆ ಅದಕ್ಕೆ ಹೋಲಿಸಿದರೆ ಕಣ್ಣು ಮಿಟುಕಿಸುವುದೇ ಒಂದು ಯುಗ. ಅಂಥ ಬೆಳಕು ನುಣುಪಾದ ಲೋಹದ ಮೇಲೆ ಬಿದ್ದರೆ ಮೇಲಿನ ಪದರಷ್ಟೇ ಸಿಡಿದು, ಉಳಿದ ಬೆಳಕು ಹಿಂದಕ್ಕೆ ಪುಟಿದು ಹೋಗುತ್ತದೆ. ಆದರೆ ಆ ಲೋಹವನ್ನು ಕೂದಲಿಗಿಂತ ನೂರಾರು ಪಟ್ಟು ಸಣ್ಣ ಎಳೆಗಳಾಗಿ, ಒತ್ತೊತ್ತಾಗಿ, ನೆಟ್ಟಗೆ ನಿಲ್ಲಿಸಿದರೆ ಬೆಳಕು ಎಳೆಗಳ ನಡುವೆ ಇಳಿದು ಆಳದವರೆಗೆ ಹೋಗುತ್ತದೆ. ಅಲ್ಲಿ ಎಲ್ಲ ಎಳೆಗಳೂ ಒಟ್ಟಿಗೆ ಸಿಡಿದು ಬೆರೆಯುತ್ತವೆ. ಆ ಗಳಿಗೆಯಲ್ಲಿ ಹುಟ್ಟುವುದು ಹೊಗೆಯಲ್ಲ, ದ್ರವವಲ್ಲ. ಗಟ್ಟಿ ಲೋಹದಷ್ಟೇ ದಟ್ಟವಾಗಿದ್ದೂ ಕೋಟಿ ಡಿಗ್ರಿ ಕಾದ ಪ್ಲಾಸ್ಮಾ. ಸೂರ್ಯನ ಗರ್ಭದಲ್ಲಿರುವಂಥದ್ದೇ ಒಂದು ಚಿಟಿಕೆ, ಮೇಜಿನ ಮೇಲೆ. ನೋಡುವಷ್ಟರಲ್ಲಿ ಇಲ್ಲ. ಅದು ಬಂದು ಹೋದದ್ದಕ್ಕೆ ಸಾಕ್ಷಿಯಾಗಿ ಎಕ್ಸ್‌ರೇ ಹಿಡಿಯುವ ಯಂತ್ರದಲ್ಲಿ ಕೆಲವು ಗೆರೆಗಳು ಉಳಿಯುತ್ತವೆ. ಆ ಗೆರೆಗಳಿಗಾಗಿ ನಾನು ಹರೆಯ ಸವೆಸಿದ್ದೆ.

ನನ್ನ ಬಳಿ ಹನ್ನೆರಡು ಅಚ್ಚುಗಳಿದ್ದವು. ಹಿತ್ತಾಳೆ ಬಿಲ್ಲೆಗೆ ಅಂಟಿಸಿದ ಬಿಳಿಯ ತೆಳು ಪದರಗಳು, ಹಪ್ಪಳದ ಹಾಗೆ ಮುಟ್ಟಿದರೆ ಮುರಿಯುವಂಥವು, ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ನಿಕ್ಕಲ್ಲಿನ ನೀರಿನಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದರೆ ರಂಧ್ರಗಳೊಳಗೆ ಲೋಹ ಬೆಳೆಯುತ್ತದೆ. ಆಮೇಲೆ ಕಾಸ್ಟಿಕ್ ಸೋಡಾದಲ್ಲಿ ಬಿಳಿಯ ಪದರ ಕರಗಿಸಿದರೆ ಎಳೆಗಳು ನಿಂತಿರುತ್ತವೆ. ಹೇಳುವುದು ಸುಲಭ. ವಿದ್ಯುತ್ ಮಾತ್ರ ಗಂಟೆಗಟ್ಟಲೆ ಒಂದೇ ಸಮ ಹರಿಯಬೇಕು. ನಮ್ಮ ಕಾಲೇಜಿನಲ್ಲಿ ಕರೆಂಟು ಬಂದರೆ ಬಂತು, ಹೋದರೆ ಹೋಯಿತು, ಇದ್ದಾಗಲೂ ಬಲ್ಬು ಕಣ್ಣು ಹೊಡೆಯುತ್ತಿತ್ತು. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತದ್ದನ್ನು ನೋಡಿ, ದಾರಿ ತೋರಿಸಿದವಳು ಅವ್ವ. ನಿಕ್ಕಲ್ ಪಾಲಿಶೇ ಆಗಬೇಕಾದರೆ ದಸ್ತಗೀರಸಾಬನ ಹತ್ತಿರ ಯಾಕೆ ಹೋಗಬಾರದು, ನಮ್ಮ ಪೂಜೆಯ ತಟ್ಟೆಗೆ ನಿಕ್ಕಲ್ಲಿನ ನೀರು ಕುಡಿಸಿದವನು ಅವನೇ ಅಲ್ಲವೇ ಎಂದಳು. ನಾನು ನಕ್ಕುಬಿಟ್ಟೆ. ಎರಡು ದಿನ ಬಿಟ್ಟು ಅಲ್ಲಿಗೇ ಹೋದೆ.

ದಸ್ತಗೀರ ಕಾಕಾರ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಅರವತ್ತು ದಾಟಿದ ಸಣಕಲು ಮನುಷ್ಯ, ಮೊಣಕೈತನಕ ಮಡಿಸಿದ ಅಂಗಿ, ಬೆರಳ ತುದಿಗಳು ಸದಾ ತುಸು ಹಸಿರು. ಮುದ್ದೇಬಿಹಾಳದಿಂದ, ತಂಗಡಗಿಯಿಂದ ದೇವರ ಹಿತ್ತಾಳೆ ಮುಖಗಳು ಅವರಲ್ಲಿಗೆ ಬರುತ್ತಿದ್ದವು. ಮೊಹರಂ ಹತ್ತಿರ ಬಂದರೆ ಸುತ್ತಲಿನ ಊರುಗಳಿಂದ ಹಸ್ತದ ಆಕಾರದ ಪಂಜಾಗಳು ಬರುತ್ತಿದ್ದವು. ಎರಡೂ ಒಂದೇ ತೊಟ್ಟಿಯಲ್ಲಿ ಮಿಂದು, ಒಂದೇ ಬಟ್ಟೆಯ ಚಕ್ರದ ಮೇಲೆ ಹೊಳಪು ಪಡೆದು, ಗುಲಾಬಿ ಕಾಗದ ಸುತ್ತಿಕೊಂಡು ಹೋಗುತ್ತಿದ್ದವು. ಊರಿನ ಕರೆಂಟನ್ನು ಅವರು ನಂಬುತ್ತಿರಲಿಲ್ಲ. ಲಾರಿಯ ನಾಲ್ಕು ಬ್ಯಾಟರಿಗಳನ್ನು ಸಾಲಾಗಿ ಕಟ್ಟಿ, ನಡುವೆ ಕರೆಂಟು ಏರಿಸಿ ಇಳಿಸುವ ಒಂದು ಹಳೇ ತಿರುಗಣೆ ಇಟ್ಟುಕೊಂಡಿದ್ದರು. ಅಮ್ಮೀಟರಿನ ಮುಳ್ಳಿನ ಮೇಲೆ ಒಂದು ಕಣ್ಣು, ತಿರುಗಣೆಯ ಮೇಲೆ ಒಂದು ಕೈ. ಮುಳ್ಳು ಎಳ್ಳಷ್ಟೂ ಅಲುಗುತ್ತಿರಲಿಲ್ಲ. ನಮ್ಮ ಲ್ಯಾಬಿನ ದುಬಾರಿ ಯಂತ್ರವನ್ನು ಬೈದುಕೊಂಡೆ.

ಅವರಲ್ಲಿ ಒಂದು ಪದ್ಧತಿಯಿತ್ತು. ಮಾಲು ಒಳಗೆ ಬರುವಾಗ ಗಟ್ಟಿಯಾಗಿ ಎಣಿಸುವುದು, ಹೊರಗೆ ಹೋಗುವಾಗಲೂ ಗಿರಾಕಿಯ ಎದುರಿಗೆ ಎಣಿಸುವುದು. ಒಡೆದದ್ದಾಗಲಿ, ಕೆಟ್ಟದ್ದಾಗಲಿ, ಬಂದಷ್ಟು ಹೋಗಲೇಬೇಕು. ನನ್ನ ಡಬ್ಬಿ ತೆರೆದು ಒಂದೊಂದನ್ನೇ ಅಂಗೈ ಮೇಲಿಟ್ಟುಕೊಂಡು ಹನ್ನೆರಡೂ ಎಣಿಸಿ, ಇದಕ್ಕೆ ಎಷ್ಟು ವರ್ಷದ ಬಾಳಿಕೆ ಬೇಕು ಎಂದು ಕೇಳಿದರು. ಅವರ ಹೊಳಪು ಹತ್ತು ವರ್ಷ ಮಾಸುವುದಿಲ್ಲವಂತೆ. ನಾನು ಹಿಂಜರಿಯುತ್ತಲೇ, ಇವು ಗುರಿಯಾದ ಮರುಗಳಿಗೆ ಇರುವುದಿಲ್ಲ, ಸುಟ್ಟು ಆವಿಯಾಗುತ್ತವೆ ಎಂದೆ. ಅವರು ನನ್ನ ಮುಖವನ್ನೊಮ್ಮೆ, ಬಿಲ್ಲೆಯನ್ನೊಮ್ಮೆ ನೋಡಿದರು. ಚಹಾ ತರಿಸಿದರು.

ಆ ಹದಿನೈದು ದಿನ ನನಗೆ ಈಗಲೂ ಅರ್ಧ ಕನಸು. ಮುಂಜಾನೆ ಮಂಜಿನಲ್ಲಿ ಎದುರಿನ ಗೋಡೆ ಕಾಣುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಕಲಬುರಗಿ, ವಿಜಯಪುರ ಎಂದು ಕೂಗುವ ದನಿಗಳು ಎಲ್ಲಿಂದಲೋ ತೇಲಿ ಬರುತ್ತಿದ್ದವು. ತೊಟ್ಟಿಯ ಹಸಿರು ನೀರಿನಲ್ಲಿ ನನ್ನ ಬಿಳಿಯ ಬಿಲ್ಲೆ ತಂತಿಗೆ ಜೋತು ನಿಂತಿರುತ್ತಿತ್ತು, ಅದರ ಅಂಚಿನಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದೊಂದಾಗಿ ಏಳುತ್ತಿದ್ದವು. ಕಣ್ಣಿಗೆ ಕಾಣದ ಬಾವಿಗಳಲ್ಲಿ ಲೋಹ ತಳದಿಂದ ಮೇಲಕ್ಕೆ ಸದ್ದಿಲ್ಲದೆ ಏರುತ್ತಿದೆ ಎಂದು ನೆನೆಸಿಕೊಂಡರೆ ಮೈ ಹಗುರವಾಗುತ್ತಿತ್ತು. ಕಾಕಾರು ಮಾತು ಕಡಿಮೆ ಆಡುತ್ತಿದ್ದರು. ಆಡಿದರೆ ಕೆಲಸದ ಮಾತು. ಕರೆಂಟು ಜಾಸ್ತಿಯಾದರೆ ನಿಕ್ಕಲ್ಲು ಸುಟ್ಟು ಕರ್ರಗಾಗುತ್ತದೆ, ಹಾಗೆ ಸುಟ್ಟದ್ದನ್ನು ಗಿರಾಕಿಗೆ ಕೊಟ್ಟವನು ಈ ಧಂದೆಯಲ್ಲಿ ಮುಖ ತೋರಿಸಬಾರದು ಎಂದು ಒಂದು ದಿನ ಹೇಳಿದ್ದರು. ನಾನು ಹೂಂಗುಟ್ಟಿದ್ದೆ. ಆ ಮಾತು ನನ್ನ ಕಿವಿಯ ಪಕ್ಕದಿಂದ ಹಾದು ಹೋಗಿತ್ತು.

ಆರು ಬಿಲ್ಲೆ ತುಂಬುವ ಹೊತ್ತಿಗೆ ಡಿಸೆಂಬರ್ ಕೊನೆ ಬಂತು. ಇಂಡಿ ಊರಿನ ಒಂದು ಕಾಲೇಜಿಗೆ ಪ್ರಾಕ್ಟಿಕಲ್ ಪರೀಕ್ಷೆಯ ಕೆಲಸಕ್ಕೆ ನನ್ನನ್ನು ಹಾಕಿದರು, ನಾಲ್ಕು ದಿನ. ಬಿಡಿ ಎಂದು ಬೇಡಿಕೊಂಡೆ, ಅತಿಥಿಗಳ ಮಾತು ಯಾರು ಕೇಳುತ್ತಾರೆ. ಇನ್ನು ಮೂರನ್ನು ತುಂಬಿಸಿ, ಒಂಬತ್ತನ್ನೂ ಕಾಸ್ಟಿಕ್ಕಿನಲ್ಲಿ ಕರಗಿಸಿ ತೊಳೆದು ಇಡುವ ಕೆಲಸವನ್ನು ಕಾಕಾರಿಗೆ ಒಪ್ಪಿಸಿದೆ. ಕೊನೆಯ ಮೂರು ಅಚ್ಚುಗಳನ್ನು ಆಪತ್ತಿಗಿರಲೆಂದು ನನ್ನ ಹತ್ತಿರವೇ ಇಟ್ಟುಕೊಂಡೆ. ಒಂದು ಹಾಳೆಯಲ್ಲಿ ದುಂಡಗಿನ ಅಕ್ಷರದಲ್ಲಿ ಎಲ್ಲ ಬರೆದುಕೊಟ್ಟೆ. ಎಷ್ಟು ಗಂಟೆ, ಎಷ್ಟು ಬಿಸಿ, ಎಷ್ಟು ಸಲ ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆಯಬೇಕು. ಪಾಠ ಮಾಡುವವಳಲ್ಲವೇ, ಒಂದು ಚುಕ್ಕೆಯನ್ನೂ ಬಿಟ್ಟಿಲ್ಲವೆಂದು ಹೆಮ್ಮೆಯಿತ್ತು.

ಇಂಡಿಯಿಂದ ಮರಳಿದವಳು ಬಸ್ಸಿಳಿದು ಮನೆಗೂ ಹೋಗದೆ ಅಂಗಡಿಗೆ ನಡೆದೆ. ಕಾಕಾರು ನನ್ನನ್ನು ಕಂಡು ಕೈ ಒರೆಸಿಕೊಂಡು ಎದ್ದರು. ಕಟ್ಟೆಯ ಮೇಲೆ ಗುಲಾಬಿ ಕಾಗದ ಹಾಸಿ ಒಂಬತ್ತು ಬಿಲ್ಲೆಗಳನ್ನು ಸಾಲಾಗಿ ಇಟ್ಟಿದ್ದರು. ಒಂಬತ್ತರಲ್ಲೂ ನನ್ನ ಮುಖ ಕಾಣುತ್ತಿತ್ತು. ಹುಬ್ಬು, ಕುಂಕುಮ, ಬಸ್ಸಿನ ಧೂಳು, ಎಲ್ಲ.

“ಒಂಬತ್ತೂ ಸುಟ್ಟಿದ್ವು ತಂಗಿ,” ಎಂದರು. “ಬಿಳಿ ಪದರ ಕರಗಿತು, ನೋಡ್ತೇನಿ, ಒಳಗ ಎಲ್ಲಾ ಕರ್ರಗ. ತಪ್ಪು ನಂದು, ಕರೆಂಟ್ ಜಾಸ್ತಿ ಹೋಗಿರಬೇಕು. ನೀ ಚಿಂತಿ ಮಾಡಬ್ಯಾಡ. ಎರಡು ದಿನ ಕುಂತು ತಿಕ್ಕೇನಿ. ಎಲ್ಲಾ ಸರಿ ಆಗ್ಯಾವ.”

ಕಪ್ಪಾಗಿರುವುದೇ ಅವುಗಳ ಗುಣ. ಎಳೆಗಳು ನೆಟ್ಟಗೆ ನಿಂತಿವೆ, ಬೆಳಕನ್ನು ನುಂಗುತ್ತಿವೆ ಎಂಬುದಕ್ಕೆ ಕಪ್ಪು ಬಣ್ಣವೇ ಗುರುತು. ಲ್ಯಾಬಿನಲ್ಲಿ ಅದು ಎಷ್ಟು ಗೊತ್ತಿದ್ದ ಮಾತೆಂದರೆ ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ನನ್ನ ಹಾಳೆಯಲ್ಲಿ ಎಲ್ಲ ಇತ್ತು, ಬಣ್ಣ ಒಂದನ್ನು ಬಿಟ್ಟು. ಪಾಪ ಅವರಿಗೆ ಕಪ್ಪು ಎಂದರೆ ಸುಟ್ಟ ಮಾಲು, ಮರ್ಯಾದೆಯ ಪ್ರಶ್ನೆ. ಬಟ್ಟೆಯ ಚಕ್ರಕ್ಕೆ ಹಿಡಿದು, ಕೋಟಿ ಕೋಟಿ ಎಳೆಗಳನ್ನು ಮಲಗಿಸಿ, ಅರೆದು, ಕನ್ನಡಿ ಮಾಡಿದ್ದರು. ಇದೆಲ್ಲ ಈಗ ತಿಳಿಯುತ್ತದೆ. ಆಗ ನನಗೆ ತಿಳಿದದ್ದು ಮಾರ್ಚ್ ತಿಂಗಳು ಮಾತ್ರ.

ನನ್ನ ಬಾಯಿ ಮೊದಲಿನಿಂದಲೂ ಜೋರು. ಆ ದಿನ ಓಣಿಗೆಲ್ಲ ಕೇಳುವ ಹಾಗೆ ಹೇಳಿದೆ: “ಅವು ಕರೇನೇ ಇರಬೇಕಿತ್ತು. ಭಾಂಡೆ ತಿಕ್ಕೋರ ಕೈಯಾಗ ಇದನ್ನ ಕೊಟ್ಟೆನಲ್ಲ, ನನ್ನ ಬುದ್ಧಿಗೆ ಏನನ್ನಬೇಕು.”

ಕಾಕಾರು ನೆಲ ನೋಡುತ್ತ ನಿಂತರು. ಎದುರಿನ ಅಂಗಡಿಯವರು ಇಣುಕಿ ನೋಡಿ ತಲೆ ಒಳಗೆ ಎಳೆದುಕೊಂಡರು. ಕಾಕಾರು ಬಹಳ ಮೆಲ್ಲಗೆ, “ಕರೇ ಇರಬೇಕಂತ ಹಾಳ್ಯಾಗ ಒಂದು ಮಾತು ಬರೆದಿದ್ರ ಸಾಕಿತ್ತು,” ಎಂದರು. ಅಷ್ಟೇ. ನಾನು ಬಿಲ್ಲೆಗಳನ್ನು ಮುಟ್ಟದೆ ಹೊರಟುಬಿಟ್ಟೆ.

ಎಲ್ಲಿ ಹೋದೆನೆಂದು ಸರಿಯಾಗಿ ನೆನಪಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತಿದ್ದೆ ಎಂದು ಕಾಣುತ್ತದೆ. ಇಳಿಬಿಸಿಲು ಬಸ್ಸುಗಳ ಗಾಜಿನ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತಿತ್ತು, ಬಂದ ಬಸ್ಸು ತಿರುಗಿ ಹೋದರೆ ಆ ಹೊಳಪೂ ಹೋಗುತ್ತಿತ್ತು. ಹೊಳೆಯುವುದನ್ನು ಕಂಡರೆ ಸಿಟ್ಟು ಬರುತ್ತಿತ್ತು. ತೊಗರಿ ಚೀಲಗಳ ಮೇಲೆ ಕುಳಿತ ಹೆಂಗಸೊಬ್ಬಳು ನನ್ನನ್ನು ನೋಡಿ, ಯಾರಾದರೂ ತೀರಿಕೊಂಡರೇನು ಎಂದು ಕೇಳಿದಳು. ಇಲ್ಲ ಎಂದೆ. ಪ್ರಬಂಧ ಬಿಟ್ಟುಬಿಡೋಣ, ಮಸೂರದ ಲೆಕ್ಕ ಹೇಳಿಕೊಂಡೇ ಇದ್ದುಬಿಡೋಣ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಮನೆಗೆ ಬಂದು ಮುಖ ಊದಿಸಿಕೊಂಡು ಮಲಗಿದೆ. ಅವ್ವ ನನ್ನಿಂದ ಎಲ್ಲ ಬಿಡಿಸಿ ಬಿಡಿಸಿ ಕೇಳಿಸಿಕೊಂಡಳು. ಕೊನೆಗೆ ನಾನು ಕಾಕಾರಿಗೆ ಅಂದ ಮಾತು ಕೇಳಿ ಅವಳ ಮುಖ ಕಪ್ಪಿಟ್ಟಿತು. ಮರುದಿನ ಮುಂಜಾನೆ ಸೆರಗು ಹೊದ್ದುಕೊಂಡು ತಾನೇ ಅವರ ಮನೆಗೆ ಹೋಗಿ, ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ನಮ್ಮ ಹೊಲಕ್ಕೆ ಊಟಕ್ಕೆ ಬರಬೇಕೆಂದು ಗಂಡ ಹೆಂಡತಿ ಇಬ್ಬರಿಗೂ ಹೇಳಿ ಬಂದಳು.

ಬರುವುದಿಲ್ಲ ಎಂದುಕೊಂಡಿದ್ದೆ, ಬಂದರು. ಎಳ್ಳಮಾಸಿಯ ದಿನ ನಮ್ಮ ಹೊಲದಲ್ಲಿ ಬಿಳಿಜೋಳ ಎದೆಮಟ್ಟ ದಾಟಿ ತೆನೆ ಹಿರಿದಿತ್ತು. ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಬನ್ನಿಗಿಡದ ನೆರಳಿಗೆ ಕಂಬಳಿ ಹಾಸಿ, ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಬದನೆಕಾಯಿ, ಶೇಂಗಾ ಹೋಳಿಗೆ ಎಲ್ಲ ಬಿಚ್ಚಿಟ್ಟರು. ನಾನೂ ಕಾಕಾರೂ ಒಬ್ಬರನ್ನೊಬ್ಬರು ನೋಡದೆ ಉಂಡೆವು. ಗಾಳಿ ಬಂದಾಗೊಮ್ಮೆ ಇಡೀ ಹೊಲ ಒಂದು ಮಗ್ಗುಲಿಗೆ ಹೊರಳಿ ಮತ್ತೆ ಎದ್ದು ನಿಲ್ಲುತ್ತಿತ್ತು. ಊಟವಾದ ಮೇಲೆ ಕಾಕಾರು ಬದುವಿನ ಮೇಲೆ ಹೋಗಿ ನಿಂತರು. ಅವ್ವ ನನ್ನ ಕಡೆ ಕಣ್ಣು ಬಿಟ್ಟಳು. ನಾನು ಎದ್ದು ಹೋದೆ.

ಅವರು ತಿರುಗಿ ನೋಡದೆ ಕೇಳಿದರು: “ಕರಿ ಅಂದ್ರ ಎಷ್ಟು ಕರಿ?”

ರೊಟ್ಟಿಯ ಹಂಚಿನ ತಳದಷ್ಟು ಎಂದೆ. ಹಂಚಿನ ತಳಕ್ಕೂ ಒಂದು ಹೊಳಪು ಇರುತ್ತದೆ, ಮಸಿಗೆ ಇರುವುದಿಲ್ಲ, ಎರಡರಲ್ಲಿ ಯಾವುದು ಎಂದರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಮಸಿ ಎಂದೆ. ಯಾಕೆ ಕಪ್ಪಾಗುತ್ತದೆ ಎಂದರು. ಹೇಳಲು ಹೋಗಿ ತಡವರಿಸಿದೆ. ಕೊನೆಗೆ ಜೋಳದ ಕಡೆ ಕೈ ತೋರಿಸಿ, ಒಳಗೆ ನೋಡ್ರಿ ಎಂದೆ. ನೆತ್ತಿ ಸುಡುವ ಬಿಸಿಲು. ತೆನೆಗಳ ಮೇಲೆ ಬೆಳಕು ಚೆಲ್ಲಾಡುತ್ತಿತ್ತು. ಆದರೆ ಬಗ್ಗಿ ದಂಟುಗಳ ನಡುವೆ ನೋಡಿದರೆ ನಾಲ್ಕು ಮಾರು ಆಚೆ ಕತ್ತಲೆ, ತಂಪು ಕತ್ತಲೆ. ಅವರು ಮೊಣಕಾಲೂರಿ ಬಹಳ ಹೊತ್ತು ಆ ಕತ್ತಲೆಯೊಳಗೆ ನೋಡುತ್ತ ಕುಳಿತರು. ನಾನೂ ಪಕ್ಕದಲ್ಲಿ ಕುಳಿತೆ. ಎಲ್ಲೋ ಒಂದು ಹಕ್ಕಿ ದಂಟಿನಿಂದ ದಂಟಿಗೆ ಹಾರುವ ಸಪ್ಪಳ. ನಾವಿಬ್ಬರೂ ಯಾವುದೋ ಬಾಗಿಲ ಹೊರಗೆ ಕರೆಗಾಗಿ ಕಾದಿದ್ದೇವೆ ಅನ್ನಿಸಿತು.

“ಬೆಳಕು ಒಳಗ ಹೋಗಿ ಅಲ್ಲೇ ಉಳೀತೈತಿ,” ಎಂದರು ಅವರು. “ಹೊರಗ ಬರಾಂಗಿಲ್ಲ. ನಾ ನಿಂತ ಬೆಳಿ ಮ್ಯಾಲ ಕೊರಡ ಹೊಡದು ಮಲಗಿಸೇನಿ.”

ಅಲ್ಲಿಯೇ ಕಾಲಿಗೆ ಬಿದ್ದು ತಪ್ಪಾಯಿತು ಎನ್ನಬೇಕಿತ್ತು. ಎನ್ನಲಿಲ್ಲ. ಮೂರು ಅಚ್ಚು ಉಳಿದಿವೆ ಎಂದೆ. ನಾಳೆ ತಗೊಂಡು ಬಾ ಎಂದರು.

ಮರುದಿನ ಹೋದಾಗ ತೊಟ್ಟಿ ಖಾಲಿ ಮಾಡಿ ತಿಕ್ಕಿ ತೊಳೆದಿದ್ದರು. ನಿಕ್ಕಲ್ಲಿನ ನೀರನ್ನು ನಾಲ್ಕು ಪದರ ಧೋತರದಲ್ಲಿ ಸೋಸಿದ್ದರು. ಒಂದು ವಾರ ಬೇರೆ ಯಾರ ಮಾಲನ್ನೂ ಮುಟ್ಟಲಿಲ್ಲ. ನಾನು ಬರೆದುಕೊಟ್ಟದ್ದಕ್ಕಿಂತ ಕರೆಂಟು ಕಡಿಮೆ ಮಾಡಿ ಹೊತ್ತು ಹೆಚ್ಚು ಮಾಡೋಣ, ಹಾಗೆ ಮಾಡಿದರೆ ಎಲ್ಲ ಎಳೆಗಳೂ ಒಂದೇ ಎತ್ತರಕ್ಕೆ ಬರುತ್ತವೆ ಎಂದರು. ನಾನು ಪುಸ್ತಕ ತೆಗೆದು ವಾದ ಮಾಡಬಹುದಿತ್ತು. ಆಗಲಿ ಎಂದೆ. ಬೆಳಗಿನಿಂದ ಮುಸ್ಸಂಜೆಯತನಕ ತಿರುಗಣೆಯ ಮೇಲೆ ಅವರ ಕೈ. ನಮಾಜಿಗೆ ಏಳುವಾಗ ಮಾತ್ರ ನನ್ನ ಬೆರಳುಗಳನ್ನು ಹಿಡಿದು ತಿರುಗಣೆಯ ಮೇಲೆ ಇಟ್ಟು, ಮುಳ್ಳಿನ ಮೇಲೆ ಕಣ್ಣಿರಲಿ ಎಂದು ಹೋಗುತ್ತಿದ್ದರು. ಅವರು ಮರಳಿ ಬರುವತನಕ ನಾನು ಉಸಿರನ್ನೂ ಅಳೆದು ಬಿಡುತ್ತಿದ್ದೆ. ಬ್ಯಾಟರಿ ಸೋತ ಹಾಗೆ ಮುಳ್ಳು ಕೂದಲೆಳೆಯಷ್ಟು ಜಾರುತ್ತಿತ್ತು, ತಿರುಗಣೆಯನ್ನು ಅಷ್ಟೇ ಕೂದಲೆಳೆ ತಿರುಗಿಸಬೇಕು. ಒಂದು ದಿನ ನನಗೆ ಅದು ಕೈಗೆ ಹತ್ತಿತು. ಅವರು ಬಂದು ನೋಡಿ ತಲೆಯಾಡಿಸಿದರು. ಆ ಮೆಚ್ಚುಗೆಗೆ ನನಗಾದ ಖುಷಿ ಯಾವ ಪರೀಕ್ಷೆಯಲ್ಲೂ ಆಗಿಲ್ಲ.

ಮೂರನ್ನೂ ಕಾಸ್ಟಿಕ್ಕಿನಿಂದ ಎತ್ತಿ ತೊಳೆದು ಆರಲು ಇಟ್ಟಾಗ ಸಂಕ್ರಾಂತಿಯ ಮುನ್ನಾದಿನ. ಮೂರೂ ಕರ್ರಗೆ ಮಸಿಯ ಹಾಗೆ, ನೋಡಿದರೆ ನೋಟವೇ ಒಳಗೆ ಇಳಿದು ಹೋಗುವಷ್ಟು ಕಪ್ಪು. ಕಾಕಾರು ಅವುಗಳ ಹತ್ತಿರ ಉಸಿರು ಸಹ ಬಿಡಲಿಲ್ಲ. ತಮ್ಮ ಮಗಳ ಹಳೇ ಊಟದ ಡಬ್ಬಿ ತಂದು, ಅರಳೆ ಹಾಕಿ, ಕೆಳಗಿನ ಅರೆಯಲ್ಲಿ ಆ ಒಂಬತ್ತು ಕನ್ನಡಿಗಳನ್ನೂ ಮೇಲಿನ ಅರೆಯಲ್ಲಿ ಈ ಮೂರನ್ನೂ ಇಟ್ಟರು. ಒಂಬತ್ತು ನನಗೆ ಬೇಡ ಎಂದೆ. ಕೇಳಲಿಲ್ಲ. ಹನ್ನೆರಡು ಬಂದಿವೆ, ಹನ್ನೆರಡು ಹೋಗಬೇಕು ಎಂದು ನನ್ನೆದುರಿಗೆ ಗಟ್ಟಿಯಾಗಿ ಎಣಿಸಿದರು. ಲ್ಯಾಬಿಗೆ ಹೊರಟ ರೈಲಿನಲ್ಲಿ ಡಬ್ಬಿಯನ್ನು ತೊಡೆಯಿಂದ ಕೆಳಗಿಡಲಿಲ್ಲ. ಎದುರು ಕುಳಿತವರು, ಊಟ ಮಾಡಿಬಿಡಿ, ಆರಿ ಹೋಗುತ್ತದೆ ಎಂದು ಎರಡು ಸಲ ಹೇಳಿದರು.

ಲ್ಯಾಬಿನ ಎರಡು ದಿನ ಎರಡು ಗಳಿಗೆಯ ಹಾಗೆ ಕಳೆದವು. ಮೊದಲನೆಯ ಕಪ್ಪು ಬಿಲ್ಲೆಗೆ ಹೊಡೆದ ಬೆಳಕು ಗುರಿ ತಪ್ಪಿ ಅಂಚಿಗೆ ಬಿತ್ತು. ಎಳೆಗಳೆಲ್ಲ ಕಿತ್ತು ಬಂದವು. ಎರಡನೆಯದನ್ನು ಸರ್ ತಾವೇ ಕುಳಿತು ಹೊಂದಿಸಿದರು. ಟಪ್ ಎಂದು ಒಂದು ಸಣ್ಣ ಸದ್ದು, ಬೆರಳಿನಿಂದ ಡಬ್ಬಿ ತಟ್ಟಿದಷ್ಟು. ಪರದೆಯ ಮೇಲೆ ಗೆರೆಗಳು ಮೂಡಿದವು. ನಿಕ್ಕಲ್ಲು ತನ್ನ ಎಲೆಕ್ಟ್ರಾನುಗಳನ್ನು ಹೆಚ್ಚುಕಡಿಮೆ ಎಲ್ಲ ಕಳೆದುಕೊಂಡಾಗ ಮಾತ್ರ ಕಾಣುವ ಗೆರೆ, ನಾನು ಪುಸ್ತಕಗಳಲ್ಲಷ್ಟೇ ನೋಡಿದ್ದ ಗೆರೆ, ದಪ್ಪಗೆ, ನೆಟ್ಟಗೆ ನಿಂತಿತ್ತು. ಮೂರನೆಯ ಬಿಲ್ಲೆಯಲ್ಲೂ ಅದೇ. ಕಾಕಾರ ಅಂಗಡಿಯಲ್ಲಿ ಬೆಳೆದ ಒಂದು ಹಿಡಿಯಷ್ಟೂ ಅಲ್ಲದ ಕಪ್ಪು, ನಕ್ಷತ್ರದ ಒಡಲಾಗಿ ಹೋಗಿತ್ತು. ನಾನು ಕುರ್ಚಿಯ ಮೇಲೆ ಕುಳಿತು ಅತ್ತುಬಿಟ್ಟೆ.

ಆಮೇಲೆ ಸರ್ ಕೇಳಿದರು, ನುಣುಪು ನಿಕ್ಕಲ್ಲು ಎಲ್ಲಿ? ಎಳೆಗಳಿಂದಲೇ ಇದಾಯಿತು ಎಂದು ಹೇಗೆ ಹೇಳುತ್ತೀಯ, ಹೋಲಿಸಲು ಬೇಕಲ್ಲ. ಲ್ಯಾಬಿನಲ್ಲಿದ್ದ ನಿಕ್ಕಲ್ ತಗಡು ಬೇರೆ ಕಾರ್ಖಾನೆಯದು, ಅದರಲ್ಲಿ ಏನು ಬೆರೆತಿದೆಯೋ ಯಾರಿಗೆ ಗೊತ್ತು. ಆಗ ಡಬ್ಬಿಯ ಕೆಳಗಿನ ಅರೆ ತೆರೆದೆ. ಅದೇ ನೀರು, ಅದೇ ಬ್ಯಾಟರಿ, ಅದೇ ಕೈ; ಬೆಳೆ ನಿಂತಿದೆಯೋ ಮಲಗಿದೆಯೋ ಅಷ್ಟೇ ವ್ಯತ್ಯಾಸ. ಒಂದಾದ ಮೇಲೊಂದು ಕನ್ನಡಿಯ ಮೇಲೆ ಬೆಳಕು ಹೊಡೆದೆವು. ಆ ಗೆರೆ ಎಲ್ಲಿಯೂ ಕಾಣಲಿಲ್ಲ. ಸರ್ ಕನ್ನಡಕ ತೆಗೆದು ಒರೆಸಿಕೊಂಡು, ಇಂಥ ಹೋಲಿಕೆಯನ್ನು ಮೊದಲೇ ಯೋಚಿಸಿದ್ದೆಯಾ, ಜಾಣೆ ಎಂದರು. ನಾನು ಹೂಂ ಎಂದೆ. ಆ ಒಂದು ಹೂಂ ನನ್ನ ಬಾಯಿಂದ ಹೇಗೆ ಬಂತೋ. ಪ್ರಬಂಧದಲ್ಲೂ ಹಾಗೇ ಬರೆದೆ, ಹೋಲಿಕೆಗೆಂದು ಬೇಕೆಂದೇ ನುಣುಪುಗೊಳಿಸಿದ ಮಾದರಿಗಳು ಎಂದು. ಕೃತಜ್ಞತೆಯ ಪುಟದಲ್ಲಿ ಒಂದು ಸಾಲು ಸೇರಿಸಿದೆ: ಮಾದರಿಗಳಿಗೆ ಹೊಳಪು ಕೊಟ್ಟ ದಸ್ತಗೀರಸಾಬರಿಗೆ ವಂದನೆಗಳು. ಬಹಳ ದೊಡ್ಡತನ ಮಾಡಿದೆನೆಂದುಕೊಂಡಿದ್ದೆ.

ಮರುವರ್ಷದ ಬೇಸಿಗೆಯಲ್ಲಿ, ಪದವಿ ಕೈಗೆ ಬಂದ ಮೇಲೆ, ಚಿನ್ನದ ಅಕ್ಷರದ ರಟ್ಟು ಹಾಕಿಸಿದ ಪುಸ್ತಕ ಹಿಡಿದು ಅಂಗಡಿಗೆ ಹೋದೆ. ಕಾಕಾರು ಕೈ ತೊಳೆದು ಒರೆಸಿಕೊಂಡು ಅದನ್ನು ಇಸಿದುಕೊಂಡರು. ಗೆರೆಗಳ ಚಿತ್ರ ತೋರಿಸಿದೆ. ಒಂಬತ್ತು ಕನ್ನಡಿಗಳಿಂದ ನನಗೆಷ್ಟು ಉಪಕಾರವಾಯಿತು, ಅವಿಲ್ಲದಿದ್ದರೆ ಪ್ರಬಂಧವೇ ನಿಲ್ಲುತ್ತಿರಲಿಲ್ಲ ಎಂದು ಉತ್ಸಾಹದಿಂದ ಹೇಳಿದೆ. ಅವರ ಹೆಸರಿದ್ದ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವರ ಬೆರಳು ಆ ಸಾಲಿನ ಮೇಲೆ ನಿಂತಿತು.

“ತಪ್ಪು ತಪ್ಪೇ ತಂಗಿ,” ಎಂದರು. “ನಿನಗ ಅದು ಉಪಯೋಗ ಬಿತ್ತು, ಛಲೋ ಆತು. ಖರೆ ಅದಕ್ಕ ನನ್ನ ಹೆಸರು ಹಚ್ಚಬ್ಯಾಡ. ಹೆಸರು ಹಾಕೋದಿದ್ರ ಆ ಕರಿ ಮೂರಕ್ಕ ಹಾಕು. ಅವು ಮೂರೂ ನಾ ತಿಳದು ಮಾಡಿದ್ದು.”

ಪುಸ್ತಕ ಅಚ್ಚಾಗಿ, ಪ್ರತಿಗಳು ವಿಶ್ವವಿದ್ಯಾಲಯಕ್ಕೆ ಹೋಗಿ ಆಗಿತ್ತು. ತಿದ್ದಿಸುತ್ತೇನೆ ಎಂದೆ. ಇರಲಿ ಬಿಡು ಎಂದು ಚಹಾ ತರಿಸಿದರು. ತಿದ್ದಿಸಬೇಕೆಂದರೆ ಬೇಕೆಂದೇ ನುಣುಪುಗೊಳಿಸಿದ್ದು ಎಂಬ ಸುಳ್ಳನ್ನೂ ತಿದ್ದಬೇಕಿತ್ತು, ಸರ್ ಎದುರು ಆ ಹೂಂ ಅನ್ನೂ ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ನಾಳೆ ಎಂದೆ, ಮುಂದಿನ ವಾರ ಎಂದೆ, ನೌಕರಿ ಕಾಯಂ ಆಗಲಿ ಎಂದೆ. ವರ್ಷಗಳು ಕಳೆದವು. ಅಂಗಡಿ ಈಗಿಲ್ಲ. ಕಾಕಾರು ಮುದ್ದೇಬಿಹಾಳದಲ್ಲಿ ಮಗಳ ಮನೆಯಲ್ಲಿದ್ದಾರೆ, ಕಣ್ಣು ಮಂಜಾಗಿದೆಯಂತೆ. ಇಷ್ಟು ವರ್ಷ ನಾನು ಅವರನ್ನು ನೋಡಲು ಹೋಗಿಲ್ಲ. ನೆಪಗಳು ಬೇಕಾದಷ್ಟಿದ್ದವು, ನಿಜವಾದ ಕಾರಣ ನಾಚಿಕೆ.

ಆ ಪ್ರಬಂಧ ಎಲ್ಲೆಲ್ಲಿ ಹೋಗಿದೆಯೋ ಅಲ್ಲೆಲ್ಲ ಹೋಗಿ ತಿದ್ದಲು ನನ್ನಿಂದಾಗದು. ಆ ಹೂಂ ಸುಳ್ಳೆಂದು ಸರ್ ಅವರಿಗೆ ನಿನ್ನೆ ಪತ್ರ ಬರೆದೆ. ಈಗ ಬರೆಯುತ್ತಿರುವ ಇದನ್ನು ಮುದ್ದೇಬಿಹಾಳಕ್ಕೆ ಒಯ್ದು ಕಾಕಾರ ಎದುರಿಗೆ ಕುಳಿತು ಓದುತ್ತೇನೆ, ಆದ್ದರಿಂದ ಅವರಿಗೆ ಬೇಕಾದ ಹಾಗೆ ಬರೆಯುತ್ತೇನೆ. ಹೊಳೆಯುವ ಒಂಬತ್ತು ಬಿಲ್ಲೆಗಳು ಆದದ್ದು ನನ್ನ ತಪ್ಪಿನಿಂದ, ಹೇಳಬೇಕಾದ ಒಂದು ಮಾತನ್ನು ನಾನು ಹೇಳದೆ ಹೋದದ್ದರಿಂದ. ಕರಿಯ ಮೂರನ್ನು ತಿಳಿದು ಮಾಡಿದವರು ಸಿಂದಗಿಯ ದಸ್ತಗೀರಸಾಬರು.